ಡೊಮೈನ್ ಹೆಸರುಗಳ ಆಡಳಿತದಲ್ಲಿ ಸಾಮಾನ್ಯ ಬಳಕೆದಾರರ ಪರ ಮಾತನಾಡುವವರು ಯಾರು?

ಪ್ರಶ್ನೆ: ಓದುಗಬಳಗ_ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯ ಒಂದು ಸಣ್ಣ ಓದುಗರ ಬಳಗ. ತಿಂಗಳ ಕಾರ್ಯಕ್ರಮಗಳ ವರದಿ, ಹಳೆಯ ನಿಯತಕಾಲಿಕಗಳ ಲೇಖನಸೂಚಿ ಮುಂತಾದವನ್ನು ಹಾಕಲು .ಆರ್ಗ್ ವಿಳಾಸದ ಒಂದು ಜಾಲತಾಣವನ್ನು ನಡೆಸುತ್ತಿದ್ದೇವೆ; ಕನ್ನಡ ಲಿಪಿಯಲ್ಲಿಯೂ ಒಂದಿರಲಿ ಎಂಬ ಆಸೆಯಿಂದ ಈಚೆಗೆ .ಭಾರತ ವಿಳಾಸವೊಂದನ್ನು ನೋಂದಾಯಿಸಿಕೊಂಡೆವು. .ಆರ್ಗ್ ವಿಳಾಸದ ನವೀಕರಣದ ಬಿಲ್ಲು ಬಂದಾಗ ನಮ್ಮ ಖಜಾಂಚಿಯವರು ಅದರಲ್ಲಿದ್ದ ‘ಐಕ್ಯಾನ್ ಶುಲ್ಕ’ ಎಂಬ ಪ್ರತ್ಯೇಕ ಸಾಲನ್ನು ಗಮನಿಸಿ, ಮೊತ್ತ ಚಿಕ್ಕದಾದರೂ ಇದು ಯಾರಿಗೆ ಸಲ್ಲುತ್ತದೆ, ಸಲ್ಲಿಸಿದ ಮೇಲೆ ಅಲ್ಲಿ ನಮ್ಮ ಮಾತಿಗೆ ಬೆಲೆ ಇದೆಯೇ ಎಂದು ಸಭೆಯಲ್ಲಿ ಕೇಳಿದರು. ಯಾರಿಂದಲೂ ಸರಿಯಾದ ಉತ್ತರ ಬರಲಿಲ್ಲ.

ಕೇಳಲು ಬೇರೆ ಕಾರಣಗಳೂ ಇವೆ. ಬಳಗದ ಹಿರಿಯ ಸದಸ್ಯರೊಬ್ಬರು ವಿದ್ಯುತ್ ಬಿಲ್ಲಿನ ನೆಪದ ಸುಳ್ಳು ಸಂದೇಶವನ್ನು ನಂಬಿ ಒಂದಿಷ್ಟು ಹಣ ಕಳೆದುಕೊಂಡರು. ಆ ನಕಲಿ ತಾಣದ ಹೆಸರನ್ನು ಯಾರು ಕೊಂಡಿದ್ದಾರೆಂದು ನೋಡಲು ಹೋದರೆ ‘ಗೋಪ್ಯತೆಗಾಗಿ ಮರೆಮಾಡಲಾಗಿದೆ’ ಎಂಬ ಒಕ್ಕಣೆಯೇ ಎಲ್ಲ ಕಡೆ ಕಾಣಿಸಿತು. ಇನ್ನೊಂದು ತೊಂದರೆ ನಮ್ಮ ಕನ್ನಡ ವಿಳಾಸದ್ದು. ಆ ವಿಳಾಸದ ಇಮೇಲನ್ನು ಯಾವುದೇ ಆನ್‌ಲೈನ್ ಅರ್ಜಿಯಲ್ಲಿ ತುಂಬಿದರೂ ಕೆಂಪು ಅಕ್ಷರದಲ್ಲಿ ‘ಸರಿಯಾದ ವಿಳಾಸ ನಮೂದಿಸಿ’ ಎಂದು ಬರುತ್ತದೆ.

ಇಂಥ ನಿಯಮಗಳನ್ನು ರೂಪಿಸುವಲ್ಲಿ ಕಂಪನಿಗಳೂ ಸರ್ಕಾರಗಳೂ ಕುಳಿತಿರುತ್ತವೆ ಎಂದು ಕೇಳಿದ್ದೇವೆ. ನಮ್ಮಂಥವರ ಪರವಾಗಿ ಅಲ್ಲಿ ಯಾರಾದರೂ ಇದ್ದಾರೆಯೇ, ಇದ್ದರೆ ಅವರನ್ನು ಆರಿಸುವವರು ಯಾರು, ಅವರ ಮಾತು ನಡೆಯುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ತುದಿಬಳಕೆದಾರ

ನಿಮ್ಮ ಖಜಾಂಚಿಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಷ್ಟು ಸರಿಯಾದ ಜಾಗಕ್ಕೆ ಬೆರಳಿಡುವವರು ಕಡಿಮೆ. .ಕಾಮ್, .ಆರ್ಗ್, .ನೆಟ್ ಮುಂತಾದ ಸಾರ್ವತ್ರಿಕ ವಿಳಾಸಗಳನ್ನು ಒಂದು ವರ್ಷಕ್ಕೆ ನೋಂದಾಯಿಸಿದಾಗ ಅಥವಾ ನವೀಕರಿಸಿದಾಗ, ವಿಳಾಸಗಳನ್ನು ಮಾರುವ ರಿಜಿಸ್ಟ್ರಾರ್ ಕಂಪನಿಯು ಐಕ್ಯಾನ್ ಸಂಸ್ಥೆಗೆ ಒಂದು ಸಣ್ಣ ಶುಲ್ಕವನ್ನು ಕಟ್ಟಬೇಕು. ಬಹಳ ಕಾಲ 18 ಅಮೆರಿಕನ್ ಸೆಂಟ್ ಇದ್ದ ಈ ಶುಲ್ಕ 2025ರ ಜುಲೈ 1ರಿಂದ 20 ಸೆಂಟ್ ಆಗಿದೆ. ಹಲವು ಕಂಪನಿಗಳು ಇದನ್ನು ಬೇರೆ ಸಾಲಿನಲ್ಲಿ ತೋರಿಸಿ ಗ್ರಾಹಕರಿಂದಲೇ ವಸೂಲು ಮಾಡುತ್ತವೆ. .ಆರ್ಗ್‌ನಂಥ ಒಂದೊಂದು ಹೆಸರನ್ನೂ ನಡೆಸುವ ರಿಜಿಸ್ಟ್ರಿಗಳು ಕಟ್ಟುವ ಶುಲ್ಕವೂ ಕೊನೆಗೆ ವಿಳಾಸದ ಬೆಲೆಯೊಳಗೇ ಸೇರಿಕೊಳ್ಳುವುದರಿಂದ, ಐಕ್ಯಾನಿನ ಖರ್ಚಿನ ಬಹುಪಾಲನ್ನು ಪ್ರಪಂಚದಾದ್ಯಂತದ ವಿಳಾಸದಾರರೇ ಹೊರುತ್ತಿದ್ದಾರೆ ಎಂದರೆ ತಪ್ಪಾಗದು.

ಐಕ್ಯಾನ್ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಜಾಲತಾಣಗಳಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಯಾವ ಹೊಸ ಉನ್ನತ ಮಟ್ಟದ ಹೆಸರುಗಳಿಗೆ (ವಿಳಾಸದ ಕೊನೆಗೆ ಬರುವ .ಕಾಮ್, .ಆರ್ಗ್‌ನಂಥವಕ್ಕೆ) ಅವಕಾಶ ಕೊಡಬೇಕು, ಅವನ್ನು ನಡೆಸುವವರು ಮತ್ತು ಮಾರುವವರು ಯಾವ ಷರತ್ತುಗಳಿಗೆ ಒಳಪಡಬೇಕು ಎಂಬುದನ್ನು ಒಪ್ಪಂದಗಳ ಮೂಲಕ ನಿಗದಿಪಡಿಸುವುದು ಅದರ ಕೆಲಸ.

ಸಾಮಾನ್ಯ ಬಳಕೆದಾರರೇ ನೇರವಾಗಿ ಮತ ಹಾಕಿ ಐಕ್ಯಾನಿನ ನಿರ್ದೇಶಕರನ್ನು ಆರಿಸಿದ್ದು ಒಮ್ಮೆ ಮಾತ್ರ, 2000ದ ಅಕ್ಟೋಬರಿನಲ್ಲಿ. ಪ್ರಪಂಚವನ್ನು ಐದು ವಲಯಗಳಾಗಿ ವಿಂಗಡಿಸಿ, ವಲಯಕ್ಕೊಬ್ಬರಂತೆ ಐವರು ನಿರ್ದೇಶಕರನ್ನು ಆನ್‌ಲೈನ್ ಮತದಾನದ ಮೂಲಕ ಆರಿಸಲಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸದಸ್ಯತ್ವಕ್ಕೆ ಹೆಸರು ನೋಂದಾಯಿಸಿದ್ದರೂ ಅಂಚೆಯಲ್ಲಿ ಬಂದ ಗುಪ್ತ ಸಂಖ್ಯೆಯನ್ನು ಬಳಸಿ ಸದಸ್ಯತ್ವವನ್ನು ಖಚಿತಪಡಿಸಿಕೊಂಡವರು ಅದರ ಅರ್ಧದಷ್ಟು ಮಾತ್ರ. ಕೊನೆಗೆ ಮತ ಹಾಕಿದವರು ಸುಮಾರು 34 ಸಾವಿರ. ಉತ್ತರ ಅಮೆರಿಕದಿಂದ ಕಾರ್ಲ್ ಔರ್‌ಬಾಕ್, ಯೂರೋಪಿನಿಂದ ಜರ್ಮನಿಯ ಹ್ಯಾಕರ್ ಬಳಗವೊಂದರ ವಕ್ತಾರರಾಗಿದ್ದ ಆಂಡಿ ಮ್ಯೂಲರ್-ಮಾಗೂನ್, ಆಫ್ರಿಕದಿಂದ ಘಾನಾದ ನೀ ಕ್ವೇನರ್, ಲ್ಯಾಟಿನ್ ಅಮೆರಿಕದಿಂದ ಬ್ರೆಜಿಲ್ಲಿನ ಇವಾನ್ ಮೌರಾ ಕಾಂಪೋಸ್, ನಮ್ಮ ಏಷ್ಯಾ ಪೆಸಿಫಿಕ್ ವಲಯದಿಂದ ಫುಜಿತ್ಸು ಕಂಪನಿಯ ಮಸನೋಬು ಕಾಟೊ ಗೆದ್ದರು. ಇವರಲ್ಲಿ ಔರ್‌ಬಾಕ್ ಅವರು ನಿರ್ದೇಶಕರಾಗಿದ್ದೂ ಸಂಸ್ಥೆಯ ಲೆಕ್ಕಪತ್ರಗಳನ್ನು ನೋಡಲು ಅಡ್ಡಿ ಎದುರಿಸಿ, ಸಂಸ್ಥೆಯ ಮೇಲೆಯೇ ಲಾಸ್ ಏಂಜಲೀಸ್ ನ್ಯಾಯಾಲಯದಲ್ಲಿ ದಾವೆ ಹೂಡಿ 2002ರಲ್ಲಿ ಗೆದ್ದುಕೊಂಡರು. ಅದೇ ವರ್ಷ ನಡೆದ ಸುಧಾರಣೆಯಲ್ಲಿ ನೇರ ಚುನಾವಣೆ ರದ್ದಾಯಿತು. ಮತದಾರರ ಪಟ್ಟಿಯ ಸಾಚಾತನ ಪರೀಕ್ಷಿಸುವುದು ಕಷ್ಟ, ಸಂಘಟಿತವಾಗಿ ಜನರನ್ನು ಸೇರಿಸಬಲ್ಲ ದೇಶಗಳಿಗೂ ಕಂಪನಿಗಳಿಗೂ ಅನುಕೂಲ ಎಂಬ ವಾದಗಳನ್ನು ಮುಂದಿಡಲಾಯಿತು. ಆ ವಾದಗಳಲ್ಲಿ ಹುರುಳಿಲ್ಲದಿಲ್ಲ. ಆದರೆ ಪ್ರಶ್ನೆ ಕೇಳುವ ನಿರ್ದೇಶಕರು ಆಡಳಿತಕ್ಕೆ ಹಿಡಿಸಲಿಲ್ಲ ಎಂಬುದೂ ಅಷ್ಟೇ ನಿಜವೆಂದು ನನಗನ್ನಿಸುತ್ತದೆ.

ಚುನಾವಣೆಯ ಬದಲಿಗೆ ಬಂದದ್ದು ಅಟ್-ಲಾರ್ಜ್, ಅಂದರೆ ಸಾಮಾನ್ಯ ಬಳಕೆದಾರರ ಸಮುದಾಯದ, ಸಲಹಾ ಸಮಿತಿ. ಅದನ್ನು ಅಲಾಕ್ ಎಂದು ಕರೆಯುವುದು ರೂಢಿ. ಪ್ರಪಂಚದ ಬೇರೆ ಬೇರೆ ಊರುಗಳ ಬಳಕೆದಾರರ ಸಂಘಟನೆಗಳು ತಮ್ಮ ವಲಯದ ಒಕ್ಕೂಟಕ್ಕೆ ಸದಸ್ಯರಾಗುತ್ತವೆ. ನಮ್ಮ ವಲಯದ ಒಕ್ಕೂಟಕ್ಕೆ ಎಪ್ರಾಲೊ ಎಂದು ಹೆಸರು. ಒಂದೊಂದು ಒಕ್ಕೂಟವೂ ಇಬ್ಬರನ್ನು ಆರಿಸಿ ಕಳುಹಿಸುತ್ತದೆ, ನಾಮನಿರ್ದೇಶನ ಸಮಿತಿಯು ವಲಯಕ್ಕೊಬ್ಬರಂತೆ ಐವರನ್ನು ನೇಮಿಸುತ್ತದೆ, ಹೀಗೆ ಒಟ್ಟು 15 ಮಂದಿ. ಮತದಾನದ ಹಕ್ಕುಳ್ಳ 16 ನಿರ್ದೇಶಕರ ಮಂಡಳಿಗೆ ಒಬ್ಬರನ್ನು ಆರಿಸುವ ಅಧಿಕಾರ ಅಟ್-ಲಾರ್ಜ್ ಸಮುದಾಯಕ್ಕೆ ಸಿಕ್ಕಿದ್ದು 2010ರಲ್ಲಿ. 2016ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರವು ತನ್ನ ಮೇಲ್ವಿಚಾರಣೆಯನ್ನು ಬಿಟ್ಟುಕೊಟ್ಟಾಗ, ಮಂಡಳಿಯ ಆಯವ್ಯಯವನ್ನು ತಡೆಹಿಡಿಯಲು, ಬೇಕಾದರೆ ಇಡೀ ಮಂಡಳಿಯನ್ನೇ ಕೆಳಗಿಳಿಸಲು ಶಕ್ತವಾದ ಐದು ಘಟಕಗಳ ವ್ಯವಸ್ಥೆಯೊಂದು ರೂಪುಗೊಂಡಿತು. ಆ ಐದರಲ್ಲಿ ಅಲಾಕ್ ಕೂಡ ಒಂದು. ಕಾಗದದ ಮೇಲೆ ಇದು ಸಣ್ಣ ಅಧಿಕಾರವಲ್ಲ.

ಆದರೆ ಸಾರ್ವತ್ರಿಕ ಹೆಸರುಗಳ ನೀತಿಯನ್ನು ರೂಪಿಸುವ ಮಂಡಲವೇ ಬೇರೆ. ಅಲ್ಲಿ ರಿಜಿಸ್ಟ್ರಿಗಳು, ರಿಜಿಸ್ಟ್ರಾರುಗಳು, ವಾಣಿಜ್ಯ ಹಿತಾಸಕ್ತಿಗಳು, ವಾಣಿಜ್ಯೇತರ ವಿಳಾಸದಾರರು ಎಂಬ ಬಣಗಳಿವೆ. ಅಲಾಕ್ ಅಲ್ಲಿ ಮತ ಹಾಕುವಂತಿಲ್ಲ, ಸಲಹೆ ಕೊಡಬಹುದಷ್ಟೆ. ನಿಮ್ಮ ಬಳಗವು .ಆರ್ಗ್ ವಿಳಾಸದ ಒಡೆಯನಾಗಿ ವಾಣಿಜ್ಯೇತರ ಬಣಕ್ಕೂ ಸೇರಬಹುದು, ಬಳಕೆದಾರರ ಸಂಘಟನೆಯಾಗಿ ಅಟ್-ಲಾರ್ಜ್‌ಗೂ ಸೇರಬಹುದು. ಹಣ ಕಳೆದುಕೊಂಡ ನಿಮ್ಮ ಹಿರಿಯ ಸದಸ್ಯರಿಗೆ ಸ್ವಂತ ವಿಳಾಸವೇ ಇಲ್ಲದಿರಬಹುದು. ಅಂಥವರ ಪರ ಮಾತನಾಡಬೇಕಾದದ್ದು ಅಲಾಕ್.

ಮರೆಮಾಡಿದ ಹೆಸರಿನ ವಿಷಯದಲ್ಲಿ ಈ ಎರಡು ಬಣಗಳು ಎದುರುಬದುರಾಗಿಯೇ ನಿಂತವು. ಮೊದಲು ಹೂಈಸ್ ಎಂಬ ವ್ಯವಸ್ಥೆಯಲ್ಲಿ ಯಾವುದೇ ವಿಳಾಸದ ಒಡೆಯನ ಹೆಸರು, ಮನೆ ವಿಳಾಸ, ಫೋನು ಎಲ್ಲರಿಗೂ ಕಾಣುತ್ತಿದ್ದವು. 2018ರ ಮೇ 25ರಂದು ಯೂರೋಪಿನ ದತ್ತಾಂಶ ರಕ್ಷಣಾ ಕಾನೂನು ಜಾರಿಯಾಗುತ್ತಲೇ ಅದರ ಬಹುಭಾಗಕ್ಕೆ ತೆರೆ ಬಿತ್ತು. ಸಣ್ಣ ಬ್ಲಾಗ್ ನಡೆಸುವವರ, ಸರ್ಕಾರದ ಟೀಕಾಕಾರರ ಖಾಸಗಿತನ ಉಳಿಯಿತೆಂದು ವಾಣಿಜ್ಯೇತರ ಬಣ ಅದನ್ನು ಸಮರ್ಥಿಸಿತು. ವಂಚಕರ ಬೆನ್ನು ಹತ್ತುವ ಭದ್ರತಾ ಸಂಶೋಧಕರಿಗೂ ಪೊಲೀಸರಿಗೂ ಮಾಹಿತಿ ಸಿಗುವ ದಾರಿ ಮುಚ್ಚಬಾರದು, ಮೋಸ ಹೋಗುವ ಕೋಟ್ಯಂತರ ಬಳಕೆದಾರರ ಹಿತವೂ ತೂಕಕ್ಕೆ ಬರಬೇಕು ಎಂದು ಅಲಾಕ್ ವಾದಿಸಿತು. ನಿಮ್ಮ ಬಳಗದ ಮಟ್ಟಿಗೇ ನೋಡಿದರೂ ಎರಡೂ ಕಡೆ ನ್ಯಾಯವಿದೆ: ಕಾರ್ಯದರ್ಶಿಯವರ ಮನೆಯ ಫೋನ್ ಸಂಖ್ಯೆ ಜಗಜ್ಜಾಹೀರಾಗಬಾರದು, ನಕಲಿ ತಾಣದವನ ಗುರುತು ಮಾತ್ರ ಸಿಗಬೇಕು. ಒಂದೇ ನಿಯಮದಲ್ಲಿ ಇವೆರಡನ್ನೂ ಸಾಧಿಸುವುದು ಹೇಗೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಉತ್ತರ: ಹಳೆಯ_ಮೋಡೆಮ್

ಮೇಲಿನ ವಿವರಣೆ ಸೊಗಸಾಗಿದೆ. ಆದರೆ ಅದನ್ನು ಓದಿದವರು ನಮ್ಮ ಪರ ವಕೀಲರು ಸದಾ ಸಿದ್ಧರಾಗಿ ನಿಂತಿದ್ದಾರೆಂಬ ಭ್ರಮೆಗೆ ಬೀಳಬಾರದೆಂದು ಕೆಲವು ಮಾತು ಸೇರಿಸುತ್ತೇನೆ.

ಓದುಗಬಳಗದವರ ವಿಳಾಸ .ಆರ್ಗ್ ಆಗಿರುವುದರಿಂದ ಆ ಕಥೆಯನ್ನೇ ತೆಗೆದುಕೊಳ್ಳೋಣ. .ಆರ್ಗ್ ಬೆಲೆಯ ಮೇಲಿದ್ದ ಮಿತಿಯನ್ನು 2019ರಲ್ಲಿ ತೆಗೆಯುವ ಪ್ರಸ್ತಾಪ ಬಂದಾಗ ಮೂರು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಅಭಿಪ್ರಾಯಗಳು ಬಂದವು, ಅವುಗಳಲ್ಲಿ ಬಹುತೇಕ ಎಲ್ಲವೂ ವಿರೋಧದವು. ಆದರೂ ಮಿತಿ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ, .ಆರ್ಗ್ ನಡೆಸುವ ಸಂಸ್ಥೆಯನ್ನು ಈಥಾಸ್ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಕಂಪನಿಗೆ 113.5 ಕೋಟಿ ಡಾಲರಿಗೆ ಮಾರುವುದಾಗಿ ಅದರ ಒಡೆತನ ಹೊಂದಿದ್ದ ಇಂಟರ್ನೆಟ್ ಸೊಸೈಟಿ ಎಂಬ ಲಾಭರಹಿತ ಸಂಘ ಪ್ರಕಟಿಸಿತು. ಸೇವಾ ಸಂಸ್ಥೆಗಳು ಪ್ರಪಂಚದಾದ್ಯಂತ ಪ್ರತಿಭಟಿಸಿದವು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಐಕ್ಯಾನಿಗೆ ಕಟುವಾದ ಪತ್ರ ಬರೆದರು, 2020ರ ಏಪ್ರಿಲ್ 30ರಂದು ಐಕ್ಯಾನ್ ಮಂಡಳಿ ಒಪ್ಪಿಗೆ ನಿರಾಕರಿಸಿತು. ಮಾರಾಟ ನಿಂತದ್ದು ಬೀದಿಯ ಗಲಾಟೆಗೂ ಕಾನೂನಿನ ಭಯಕ್ಕೂ ಹೊರತು ಸಲಹಾ ಸಮಿತಿಯ ಮಾತಿಗಲ್ಲ. ಮಾರಾಟ ಬೇಡವೆಂದು ಖಡಾಖಂಡಿತವಾಗಿ ಹೇಳುವ ಬದಲು, ನಡೆಯುವುದಾದರೆ ಒಪ್ಪಂದದಲ್ಲಿ ಇಂಥಿಂಥ ಷರತ್ತುಗಳಿರಲಿ ಎಂಬ ಧಾಟಿಯಲ್ಲಿ ಅಲಾಕ್ ಸಲಹೆ ನೀಡಿತು. ಅಟ್-ಲಾರ್ಜ್‌ಗೆ ಸೇರಿದ ಸಂಘಟನೆಗಳಲ್ಲಿ ಇಂಟರ್ನೆಟ್ ಸೊಸೈಟಿಯದೇ ಶಾಖೆಗಳು ಗಣನೀಯ ಸಂಖ್ಯೆಯಲ್ಲಿವೆ ಎಂಬುದನ್ನು ನೆನೆದರೆ, ಆ ಮೃದು ದನಿ ಎಲ್ಲಿಂದ ಬಂತೆಂದು ಸಂಶಯಪಡುವವರನ್ನು ನಾನು ದೂರಲಾರೆ.

ಎರಡನೆಯದು ಭಾಷೆ. ಐಕ್ಯಾನ್ ಸಭೆಗಳಲ್ಲಿ ಅನುವಾದದ ಸೌಲಭ್ಯವಿರುವುದು ಹೆಚ್ಚಾಗಿ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ: ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಹಿಂದಿಗೇ ಜಾಗವಿಲ್ಲದ ಕಡೆ ಕನ್ನಡದ ಮಾತೆಲ್ಲಿ ಬಂತು? 2008ರಲ್ಲಿ ದೆಹಲಿಯಲ್ಲಿ, 2016ರಲ್ಲಿ ಹೈದರಾಬಾದಿನಲ್ಲಿ ಸಭೆ ನಡೆದಾಗಲೂ ಚರ್ಚೆಯ ಭಾಷೆ ಇಂಗ್ಲಿಷೇ. (ಹೈದರಾಬಾದಿನ ಸಭೆ ನವೆಂಬರ್ 3ರಿಂದ 9ರವರೆಗೆ ಇತ್ತು, 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ದೂರದ ದೇಶಗಳಿಂದ ಬಂದ ಪ್ರತಿನಿಧಿಗಳಿಗೆ ನಮ್ಮ ಆಡಳಿತದ ಪರಿಚಯ ಬೇರೆಯದೇ ರೀತಿಯಲ್ಲಿ ಆಗಿರಬೇಕು.) ಹಣವಿಲ್ಲದ ಸಂಸ್ಥೆಗಳಿಗೂ ಸ್ವಂತ ಉನ್ನತ ಮಟ್ಟದ ಹೆಸರು ಸಿಗಲಿ ಎಂದು 2012ರ ಸುತ್ತಿನಲ್ಲಿ ಶುಲ್ಕ ರಿಯಾಯಿತಿಯ ಯೋಜನೆ ಇತ್ತು. ಪೂರ್ಣ ಶುಲ್ಕ 1,85,000 ಡಾಲರ್. ರಿಯಾಯಿತಿ ಕೋರಿ ಮೂರೇ ಅರ್ಜಿಗಳು ಬಂದು, ಒಂದೇ ಒಂದು ಅರ್ಹವಾಯಿತು. ಯೋಜನೆ ಇದ್ದರೆ ಸಾಲದು, ಅದು ಇದೆಯೆಂಬ ಸುದ್ದಿ ಬೇಕಾದವರಿಗೆ ಅವರ ಭಾಷೆಯಲ್ಲಿ ಮುಟ್ಟಬೇಕು.

ವಿದ್ಯುತ್ ಬಿಲ್ಲಿನ ವಂಚನೆಯ ವಿಷಯಕ್ಕೆ ಬಂದರೆ, 2024ರ ಏಪ್ರಿಲ್ 5ರಿಂದ ಜಾರಿಗೆ ಬಂದ ಒಪ್ಪಂದದ ತಿದ್ದುಪಡಿಯ ಪ್ರಕಾರ, ಫಿಶಿಂಗ್ (ನಕಲಿ ತಾಣ, ಸಂದೇಶಗಳ ಮೂಲಕ ವಂಚನೆ), ಮಾಲ್‌ವೇರ್ (ಹಾನಿಕಾರಕ ತಂತ್ರಾಂಶ) ಮುಂತಾದವಕ್ಕೆ ತಮ್ಮಲ್ಲಿ ನೋಂದಾಯಿತವಾದ ಹೆಸರು ಬಳಕೆಯಾಗುತ್ತಿದೆ ಎಂಬುದಕ್ಕೆ ನಂಬಲರ್ಹ ಸಾಕ್ಷ್ಯ ಸಿಕ್ಕರೆ ರಿಜಿಸ್ಟ್ರಾರುಗಳೂ ರಿಜಿಸ್ಟ್ರಿಗಳೂ ತಕ್ಕ ಕ್ರಮ ಕೈಗೊಳ್ಳಲೇಬೇಕು. ಅಲಾಕ್ ವರ್ಷಗಟ್ಟಲೆ ಈ ಬೇಡಿಕೆಯನ್ನು ಮುಂದಿಟ್ಟಿತ್ತೆಂಬುದು ನಿಜ, ಅದಕ್ಕೆ ಸಲ್ಲಬೇಕಾದ ಶ್ರೇಯ ಸಲ್ಲಲಿ. ಆದರೆ ತಿದ್ದುಪಡಿಯ ಪಠ್ಯವನ್ನು ಕುಳಿತು ಬರೆದವರು ಐಕ್ಯಾನ್ ಸಿಬ್ಬಂದಿ ಮತ್ತು ಆ ಕಂಪನಿಗಳ ಪ್ರತಿನಿಧಿಗಳು. ಬಳಕೆದಾರರ ಪ್ರತಿನಿಧಿಗಳಿಗೆ ಸಿಕ್ಕಿದ್ದು ಕರಡು ಹೊರಬಂದ ಮೇಲೆ ಟಿಪ್ಪಣಿ ಸಲ್ಲಿಸುವ ಅವಕಾಶ.

ನಕಲಿ ತಾಣ .ಇನ್ ಕೊನೆಯದಾಗಿದ್ದರೆ ಈ ನಿಯಮ ಅದಕ್ಕೆ ಅನ್ವಯಿಸುವುದೇ ಇಲ್ಲ. .ಇನ್ ಮತ್ತು .ಭಾರತ ನಮ್ಮ ದೇಶದ ಹೆಸರುಗಳು. ಅವನ್ನು ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಚಿವಾಲಯದ ಅಧೀನದ ನಿಕ್ಸಿ. ಅಲ್ಲಿ ಕೆಲಸ ಬೇಗ ಆಗುವುದೂ ಉಂಟು: ಬ್ಯಾಂಕುಗಳೆಲ್ಲ ‘.ಬ್ಯಾಂಕ್.ಇನ್’ ಎಂಬ ಮೀಸಲು ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು 2025ರ ಫೆಬ್ರವರಿಯಲ್ಲಿ ಹೇಳಿ, ಅಕ್ಟೋಬರ್ 31ರ ಗಡುವು ವಿಧಿಸಿತು. ಐಕ್ಯಾನಿನಲ್ಲಿ ಇಂಥದೊಂದು ನಿರ್ಧಾರಕ್ಕೆ ಐದಾರು ವರ್ಷವಾದರೂ ಹಿಡಿಯುತ್ತಿತ್ತು. ಆದರೆ ನಿಕ್ಸಿಯಲ್ಲಿ ಅಲಾಕ್‌ನಂತೆ ನಿಯಮಾವಳಿಯಲ್ಲೇ ಸ್ಥಾನ ಪಡೆದ ಬಳಕೆದಾರರ ಸಮಿತಿ ಇಲ್ಲ. ಐಕ್ಯಾನ್ ಇರುವ ಲಾಸ್ ಏಂಜಲೀಸಿನಲ್ಲಿ ನಮಗೊಂದು ಕುರ್ಚಿ ಇದೆ, ದೆಹಲಿಯಲ್ಲಿ ಇಲ್ಲ. ನಮ್ಮ ಸಂಘಟನೆಗಳು ಮೊದಲು ಕೇಳಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಲಿಪಿಕಾರ

ಹಳೆಯ_ಮೋಡೆಮ್ ಅವರ ಕೊನೆಯ ಮಾತಿಗೆ ನನ್ನ ಸಹಮತವಿದೆ. ಆದರೆ ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲವೆಂಬಂತೆ ಅವರು ಬರೆದಿರುವುದನ್ನು ಒಪ್ಪಲಾರೆ. ಮಾತಿನ ಕನ್ನಡಕ್ಕೆ ಜಾಗವಿಲ್ಲದಿದ್ದರೂ ಲಿಪಿಯ ಕನ್ನಡಕ್ಕೆ ಇದೆ, ಮತ್ತು ಅದು ಸ್ವಯಂಸೇವಕರ ದುಡಿಮೆಯಿಂದ ಬಂದದ್ದು.

ಕನ್ನಡ ಮತ್ತು ತೆಲುಗು ಲಿಪಿಗಳ ಹೋಲಿಕೆ ನಮಗೆಲ್ಲ ಗೊತ್ತು. ಬ, ಲ, ಜ ಮುಂತಾದ ಅಕ್ಷರಗಳನ್ನು ಫೋನಿನ ಸಣ್ಣ ಪರದೆಯಲ್ಲಿ ಯಾವ ಲಿಪಿಯವೆಂದು ಬಿಡಿಯಾಗಿ ಗುರುತಿಸುವುದು ನುರಿತ ಕಣ್ಣಿಗೂ ಕಷ್ಟ. ‘ಜಲ’ ಎಂಬ ಎರಡಕ್ಷರದ ಹೆಸರನ್ನೇ ನೋಡಿ. ಕನ್ನಡದ ಜ ಮತ್ತು ಲ ಸೇರಿಸಿ ಬರೆದರೂ ತೆಲುಗಿನ ಅವೇ ಎರಡು ಅಕ್ಷರಗಳನ್ನು ಸೇರಿಸಿ ಬರೆದರೂ ನಮಗೆ ಕಾಣುವುದು ಹೆಚ್ಚುಕಡಿಮೆ ಒಂದೇ ಆಕಾರ. ಕಂಪ್ಯೂಟರಿಗೆ ಮಾತ್ರ ಅವು ಯೂನಿಕೋಡ್ ಪಟ್ಟಿಯ ಎರಡು ಬೇರೆ ಬೇರೆ ಪುಟಗಳಿಂದ ಬಂದ, ಪರಸ್ಪರ ಸಂಬಂಧವೇ ಇಲ್ಲದ ಹೆಸರುಗಳು. ಎರಡು ಲಿಪಿಗಳನ್ನು ಬೆರೆಸಿ ಬರೆದ ವಿಳಾಸವನ್ನು ಬ್ರೌಸರ್ ಅನುಮಾನಿಸಬಲ್ಲದು. ಇಲ್ಲಿ ಬೆರಕೆಯೇ ಇಲ್ಲ, ಒಂದು ಹೆಸರು ಪೂರ್ತಿ ಕನ್ನಡ, ಇನ್ನೊಂದು ಪೂರ್ತಿ ತೆಲುಗು. ಇಂಥ ಜೋಡಿಯನ್ನು ಇಬ್ಬರು ಬೇರೆ ಬೇರೆ ಜನರಿಗೆ ಕೊಟ್ಟುಬಿಟ್ಟರೆ ಮೋಸಕ್ಕೆ ಬಾಗಿಲು ತೆರೆದಂತೆಯೇ.

ಇದನ್ನು ತಡೆಯಲು, ಬ್ರಾಹ್ಮಿಯಿಂದ ಹುಟ್ಟಿದ ಒಂಬತ್ತು ಲಿಪಿಗಳ ತಜ್ಞರನ್ನು ಒಳಗೊಂಡ ನವ-ಬ್ರಾಹ್ಮಿ ತಂಡವು ವರ್ಷಗಟ್ಟಲೆ ಕೆಲಸ ಮಾಡಿ ಒಂದೊಂದು ಲಿಪಿಗೂ ನಿಯಮಾವಳಿಯನ್ನು ಸಿದ್ಧಪಡಿಸಿತು. ಕನ್ನಡದ ನಿಯಮಾವಳಿ 2019ರಲ್ಲಿ ಮೂಲವಲಯದ, ಅಂದರೆ ಉನ್ನತ ಮಟ್ಟದ ಹೆಸರುಗಳ ಮೂಲಪಟ್ಟಿಯ, ನಿಯಮಗಳೊಳಗೆ ಸೇರಿತು. ಯಾವ ಅಕ್ಷರಗಳಿಗೆ ಅವಕಾಶ, ಗುಣಿತ ಚಿಹ್ನೆ ಯಾವುದರ ಮುಂದೆ ಬರಬಹುದು, ಅನುಸ್ವಾರ, ವಿಸರ್ಗಗಳು ಎಲ್ಲಿ ಬರಬಾರದು ಎಂಬುದೆಲ್ಲ ಅದರಲ್ಲಿದೆ. ತೆಲುಗಿನ ಅಕ್ಷರಗಳೊಡನೆ ಹೋಲುವ ಕನ್ನಡದ ಅಕ್ಷರಗಳನ್ನು ಒಂದಕ್ಕೊಂದು ಪರ್ಯಾಯವೆಂದು ಗುರುತಿಸಿ, ಉನ್ನತ ಮಟ್ಟದಲ್ಲಿ ಒಂದು ರೂಪವನ್ನು ಒಬ್ಬರು ಪಡೆದರೆ ಇನ್ನೊಂದು ರೂಪ ಬೇರೆಯವರಿಗೆ ಸಿಗದಂತೆಯೂ ಮಾಡಲಾಗಿದೆ. ಮೋಸ ಹೋಗುವ ಮುಂಚೆಯೇ ಬಳಕೆದಾರರನ್ನು ಕಾಪಾಡುವ ಕೆಲಸ ಇದು. ಮತದಾನದಿಂದಲೋ ಪ್ರತಿಭಟನೆಯಿಂದಲೋ ಇದು ಆಗುತ್ತಿರಲಿಲ್ಲ. ಲಿಪಿ ಬಲ್ಲವರು ಕುಳಿತು ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕಾಗಿತ್ತು. ಆದರೆ ಈ ಕಟ್ಟುಪಾಡು ಚುಕ್ಕೆಯ ಬಲಗಡೆಗೆ ಬರುವ ಕೊನೆಯ ಭಾಗಕ್ಕೆ ಮಾತ್ರ; ಎಡಗಡೆಯ ಹೆಸರಿಗೆ ಎಷ್ಟು ಬಿಗಿಯಾದ ನಿಯಮವಿರಬೇಕೆಂದು ಆಯಾ ರಿಜಿಸ್ಟ್ರಿಯೇ ತೀರ್ಮಾನಿಸುತ್ತದೆ. ಒಂದೇ ರಿಜಿಸ್ಟ್ರಿ ಕನ್ನಡ, ತೆಲುಗು ಎರಡರಲ್ಲೂ ಹೆಸರು ಮಾರುವಾಗ ಏನು ಮಾಡುತ್ತದೆ ಎಂಬುದನ್ನು ಕಣ್ಣಿಟ್ಟು ನೋಡುವವರು ನಮ್ಮಲ್ಲಿ ಬೇಕು.

ಇನ್ನು ನಿಮ್ಮ ಇಮೇಲಿನ ಕೆಂಪು ಅಕ್ಷರದ ವಿಷಯ. ಭಾರತಕ್ಕೆ ಈಗ 15 ಲಿಪಿ-ಭಾಷಾ ರೂಪಗಳಲ್ಲಿ ಉನ್ನತ ಮಟ್ಟದ ಹೆಸರುಗಳಿವೆ. ಮೊದಲು ಬಂದ ಏಳರಲ್ಲಿ ಕನ್ನಡ ಇರಲಿಲ್ಲ; .ಭಾರತ ಎರಡನೆಯ ಕಂತಿನಲ್ಲಿ ಸೇರಿತು. ಕನ್ನಡ ಅಕ್ಷರಗಳ ಇಮೇಲ್ ವಿಳಾಸಕ್ಕೆ ಬೇಕಾದ ತಾಂತ್ರಿಕ ಮಾನಕಗಳು 2012ರಲ್ಲೇ ಬಂದಿವೆ, ಜಿಮೇಲ್ 2014ರಿಂದ ಅಂಥ ವಿಳಾಸಗಳೊಡನೆ ವ್ಯವಹರಿಸುತ್ತಿದೆ, ರಾಜಸ್ಥಾನ ಸರ್ಕಾರ 2017ರಲ್ಲಿ ನಾಗರಿಕರಿಗೆ ಹಿಂದಿ ವಿಳಾಸಗಳನ್ನು ಕೊಡಲಾರಂಭಿಸಿತು. ತೊಂದರೆ ಇರುವುದು ಅರ್ಜಿಯ ನಮೂನೆಯನ್ನು ಬರೆದ ಪ್ರೋಗ್ರಾಮರ್ ಹಾಕಿದ ಒಂದು ಸಾಲಿನಲ್ಲಿ: ವಿಳಾಸದಲ್ಲಿ ಇಂಗ್ಲಿಷಿನ ಎ ಇಂದ ಝಡ್ ವರೆಗಿನ ಅಕ್ಷರ, ಅಂಕಿ, ಚುಕ್ಕೆ ಇಷ್ಟೇ ಇರಬೇಕೆಂದು ಆ ಸಾಲು ಹೇಳುತ್ತದೆ, ಉಳಿದದ್ದೆಲ್ಲ ತಪ್ಪು. ಬಹುಪಾಲು ಕಡೆ ಇದನ್ನು ಯಾರೂ ಯೋಚಿಸಿ ಬರೆದಿಲ್ಲ, ಹಳೆಯ ಕೋಡಿನಿಂದ ನಕಲು ಮಾಡಿದ್ದಾರೆ. ಐಕ್ಯಾನಿಗಾಗಲಿ ನಿಕ್ಸಿಗಾಗಲಿ ಅದನ್ನು ತಿದ್ದಿಸುವ ಅಧಿಕಾರವಿಲ್ಲ. ‘ಸಾರ್ವತ್ರಿಕ ಸ್ವೀಕಾರ’ ಎಂಬ ಹೆಸರಿನಲ್ಲಿ ಅವರು 2023ರಿಂದ ವರ್ಷಕ್ಕೊಮ್ಮೆ ದಿನಾಚರಣೆ ನಡೆಸುತ್ತಾರೆ, ತರಬೇತಿ ಕೊಡುತ್ತಾರೆ, ಕೇಂದ್ರ ಸಚಿವಾಲಯ ಮತ್ತು ನಿಕ್ಸಿ 2024ರಲ್ಲಿ ಭಾಷಾನೆಟ್ ಎಂಬ ತಾಣವನ್ನೂ ಆರಂಭಿಸಿದವು. ರಾಜ್ಯ ಸರ್ಕಾರದ ಟೆಂಡರುಗಳಲ್ಲಿ ‘ಕನ್ನಡ ಲಿಪಿಯ ವಿಳಾಸ ಸ್ವೀಕರಿಸಬೇಕು’ ಎಂಬ ಷರತ್ತೊಂದನ್ನು ಸೇರಿಸಿದರೆ, ಆ ಎಲ್ಲ ದಿನಾಚರಣೆಗಳಿಗಿಂತ ಹೆಚ್ಚು ಕೆಲಸವಾದೀತು.

ಪ್ರತಿಕ್ರಿಯೆ: ಓದುಗಬಳಗ_ಶಿರಸಿ

ಮೂವರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮುದ್ರಿಸಿ ಬಳಗದ ಸಭೆಯಲ್ಲಿ ಓದಲಾಯಿತು. ಸಭೆಯಲ್ಲಿ ಎದ್ದ ಎರಡು ಪ್ರಶ್ನೆಗಳನ್ನು ಇಲ್ಲಿ ಇಡುತ್ತಿದ್ದೇನೆ. ನಮ್ಮಂಥ ಬಳಗ ಅಟ್-ಲಾರ್ಜ್ ಸೇರಬೇಕಾದರೆ ಹಣ ಕಟ್ಟಬೇಕೇ, ಮತ್ತು ಸಂಘಟನೆಯಾಗಿ ಸೇರುವುದೋ ಆಸಕ್ತಿಯುಳ್ಳ ಒಬ್ಬಿಬ್ಬರು ವೈಯಕ್ತಿಕವಾಗಿ ಸೇರುವುದೋ ಯಾವುದು ಮೇಲು? ನಮ್ಮಲ್ಲಿ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ವಾದ ಮಾಡಬಲ್ಲವರು ಹೆಚ್ಚಿಲ್ಲ; ಓದಿ ಅರ್ಥಮಾಡಿಕೊಳ್ಳಬಲ್ಲವರಿದ್ದಾರೆ.

ಉತ್ತರ: ತುದಿಬಳಕೆದಾರ

ಸದಸ್ಯತ್ವಕ್ಕೆ ಶುಲ್ಕವಿಲ್ಲ. ಸಂಘಟನೆಯಾಗಿ ಸೇರಲು ಅರ್ಜಿ ತುಂಬಿ, ನಿಮ್ಮ ಬಳಗ ಯಾವ ಸರ್ಕಾರದ ಅಥವಾ ಕಂಪನಿಯ ಅಂಗವಲ್ಲ, ಸಾಮಾನ್ಯ ಬಳಕೆದಾರರೇ ಅದನ್ನು ನಡೆಸುತ್ತಾರೆ ಎಂಬುದನ್ನು ತೋರಿಸಬೇಕಾಗುತ್ತದೆ. ಎಪ್ರಾಲೊದಲ್ಲಿ ವ್ಯಕ್ತಿಗಳಿಗೂ ಸದಸ್ಯತ್ವವಿದೆ. ನನ್ನ ಸಲಹೆ ಎರಡನೆಯದು: ಮೊದಲು ಒಬ್ಬಿಬ್ಬರು ವೈಯಕ್ತಿಕವಾಗಿ ಸೇರಿ, ವರ್ಷವೊಂದು ಕಳೆದ ಮೇಲೂ ಆಸಕ್ತಿ ಉಳಿದಿದ್ದರೆ ಬಳಗದ ಹೆಸರಿನಲ್ಲಿ ಅರ್ಜಿ ಹಾಕಿ. ಪಟ್ಟಿಯಲ್ಲಿ ಹೆಸರಿದ್ದು ಸಭೆಯಲ್ಲಿ ಮುಖ ಕಾಣದ ಸಂಘಟನೆಗಳು ಈಗಾಗಲೇ ಬೇಕಾದಷ್ಟಿವೆ, ಮತ್ತು ಅಟ್-ಲಾರ್ಜ್ ಬಗೆಗಿನ ಟೀಕೆಗಳಲ್ಲಿ ನನಗೆ ಅತಿ ನ್ಯಾಯವೆನಿಸುವುದು ಅದೇ. 2017ರಲ್ಲಿ ಹೊರಗಿನ ಪರಿಶೀಲಕರು ಅಟ್-ಲಾರ್ಜ್ ವ್ಯವಸ್ಥೆಯನ್ನು ಪರೀಕ್ಷಿಸಿ, ಸಂಘಟನೆಗಳಿಗಿಂತ ವ್ಯಕ್ತಿಗಳು ನೇರವಾಗಿ ಪಾಲ್ಗೊಳ್ಳುವ ಮಾದರಿಯೊಂದನ್ನು ಸೂಚಿಸಿದ್ದರು. ಅಲಾಕ್ ಅದನ್ನು ಇಡಿಯಾಗಿ ಒಪ್ಪಲಿಲ್ಲ; ಒಪ್ಪಬೇಕಿತ್ತೆಂದು ನನ್ನ ಭಾವನೆ.

ಭಾಷೆಯ ಅಂಜಿಕೆ ಬೇಡ. ನೀತಿಯ ಕರಡುಗಳನ್ನು ಬಳಕೆದಾರರ ದೃಷ್ಟಿಯಿಂದ ಚರ್ಚಿಸುವ ಒಂದು ಕಾರ್ಯತಂಡವು ವಾರಕ್ಕೊಮ್ಮೆ ಜೂಮ್‌ನಲ್ಲಿ ಸೇರುತ್ತದೆ. ಯಾರು ಬೇಕಾದರೂ ಕುಳಿತು ಕೇಳಬಹುದು, ಮಾತನಾಡಲೇಬೇಕೆಂದಿಲ್ಲ. ಅಲ್ಲಿ ನಿಜವಾಗಿ ಬೆದರಿಸುವುದು ಸಂಕ್ಷೇಪಾಕ್ಷರಗಳ ಕಾಡು. ಕೇರಳದ ಸತೀಶ್ ಬಾಬು ಅವರಂಥವರು ಹಿಂದೆ ಎಪ್ರಾಲೊದ ಅಧ್ಯಕ್ಷತೆ ವಹಿಸಿದ್ದಾರೆ, ಅಂದರೆ ದಕ್ಷಿಣ ಭಾರತದಿಂದ ಹೋಗಿ ಅಲ್ಲಿ ಕೆಲಸ ಮಾಡಿದವರ ದಾರಿ ಈಗಾಗಲೇ ಸವೆದಿದೆ. ಐಕ್ಯಾನ್ ಲರ್ನ್ ಎಂಬ ಉಚಿತ ಪಾಠಗಳೂ ಇವೆ.

ಸಾರ್ವಜನಿಕ ಅಭಿಪ್ರಾಯಕ್ಕೆ ಕರಡುಗಳನ್ನು ಸಾಮಾನ್ಯವಾಗಿ 40 ದಿನವಾದರೂ ತೆರೆದಿಡುತ್ತಾರೆ. ಒಂದು ಪುಟದ ಟಿಪ್ಪಣಿ ಸಾಕು. ಸಿಬ್ಬಂದಿ ಬಂದ ಟಿಪ್ಪಣಿಗಳನ್ನೆಲ್ಲ ಸಂಗ್ರಹಿಸಿ ವರದಿ ಬರೆಯಲೇಬೇಕಾಗುತ್ತದೆ. ‘ನಾವು ಖಂಡಿಸುತ್ತೇವೆ’ ಎಂಬ ಧಾಟಿಯ ನೂರು ಪತ್ರಗಳು ಆ ವರದಿಯಲ್ಲಿ ಒಂದು ವಾಕ್ಯವಾಗಿ ಕರಗಿಹೋಗುತ್ತವೆ. ಇಂಥ ನಿಯಮದಿಂದ ಇಂಥ ಬಳಕೆದಾರರಿಗೆ ಇಂಥ ತೊಂದರೆಯಾಯಿತು ಎಂದು ನಿರ್ದಿಷ್ಟವಾಗಿ ಬರೆದ ಒಂದೇ ಪತ್ರಕ್ಕೆ ಅಲ್ಲಿ ಸ್ವತಂತ್ರ ಸಾಲು ಸಿಗುತ್ತದೆ. ನಿಮ್ಮ ಬಳಗದ ಅನುಭವ ಅಂಥದ್ದು.

ಹಿರಿಯರ ಹಣದ ವಿಷಯದಲ್ಲಿ ಇದಾವುದಕ್ಕೂ ಕಾಯಬೇಡಿ. 1930 ಸಹಾಯವಾಣಿಗೆ ದೂರು ಇನ್ನೂ ಕೊಟ್ಟಿಲ್ಲದಿದ್ದರೆ ಇಂದೇ ಕೊಡಿ, ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ. ನಕಲಿ ತಾಣದ ಪೂರ್ತಿ ವಿಳಾಸ, ಬಂದ ಸಂದೇಶ ಮತ್ತು ಪುಟದ ಸ್ಕ್ರೀನ್‌ಶಾಟ್‌ಗಳನ್ನು ಆ ಹೆಸರನ್ನು ಮಾರಿದ ರಿಜಿಸ್ಟ್ರಾರ್ ಕಂಪನಿಯ ದುರ್ಬಳಕೆ ದೂರಿನ ಇಮೇಲಿಗೆ ಕಳುಹಿಸಿ. ಒಡೆಯನ ಹೆಸರನ್ನು ಮರೆಮಾಡಿದ್ದರೂ ರಿಜಿಸ್ಟ್ರಾರ್ ಯಾರೆಂಬುದೂ ಆ ಇಮೇಲ್ ವಿಳಾಸವೂ ಹುಡುಕಾಟದ ಫಲಿತಾಂಶದಲ್ಲಿ ಕಾಣುತ್ತವೆ. ಅದು .ಕಾಮ್‌ನಂಥ ಸಾರ್ವತ್ರಿಕ ಹೆಸರಾಗಿದ್ದು ಕಂಪನಿ ಕ್ರಮ ಕೈಗೊಳ್ಳದಿದ್ದರೆ ಐಕ್ಯಾನಿನ ಒಪ್ಪಂದ ಪಾಲನಾ ವಿಭಾಗಕ್ಕೆ ಆನ್‌ಲೈನ್ ನಮೂನೆಯಲ್ಲಿ ದೂರಬಹುದು. ಆಗ ಮೊದಲು ಕಳುಹಿಸಿದ ಇಮೇಲಿನ ಪ್ರತಿಯನ್ನು ಲಗತ್ತಿಸುವುದನ್ನು ಮರೆಯಬೇಡಿ.